ಅಚೀವ್‌ಮೆಂಟ್ ಎಂದರೇನು? ಸಾಧನೆ ಎಂದರೇನು?

ಕೆಲವು ವರ್ಷಗಳ ಹಿಂದೆ ಬೇಸಿಗೆಯ ಕೊನೆಯ ದಿನಗಳಲ್ಲಿ ಶಹಾಪುರದಲ್ಲಿ ಸಮಾಜದ ಮಕ್ಕಳಿಗಾಗಿ ಪ್ರತಿಭಾ ಪುರಸ್ಕಾರ ಸಮಾರಂಭವೊಂದು ಏರ್ಪಟ್ಟಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಅಂಕ ಪಡೆದ ಮಕ್ಕಳನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಕೈಗೊಂದು ಫಲಕ ಕೊಟ್ಟು ಹರಸುವ ಕಾರ್ಯಕ್ರಮ. ಪೂಜ್ಯರು ದಯಮಾಡಿಸಿದ್ದರು, ಪ್ರಸಾದದ ವ್ಯವಸ್ಥೆಯೂ ಅಚ್ಚುಕಟ್ಟಾಗಿತ್ತು. ಯಾರನ್ನು ಕರೆಯಬೇಕು, ಎಷ್ಟು ಅಂಕದಿಂದ ಮೇಲಿನವರನ್ನು ಕರೆಯಬೇಕು ಎಂಬ ಪಟ್ಟಿಯನ್ನು ಸಿದ್ಧಪಡಿಸಿದವರಲ್ಲಿ ನಾವೂ ಒಬ್ಬರಾಗಿದ್ದೆವು. ಆದ್ದರಿಂದ ಮುಂದೆ ಹೇಳಲಿರುವ ಮಾತಿನಲ್ಲಿ ದೂರುವುದೇನಾದರೂ ಇದ್ದರೆ ಅದು ಮೊದಲು ನಮಗೇ ಸಲ್ಲತಕ್ಕದ್ದು.

ಸಮಾರಂಭ ಮುಗಿದು ಜನರು ಪ್ರಸಾದಕ್ಕೆ ಏಳುತ್ತಿದ್ದಾಗ ಸುರಪುರ ಕಡೆಯ ಹಳ್ಳಿಯೊಂದರಿಂದ ಬಂದಿದ್ದ ವೃದ್ಧ ತಾಯಿಯೊಬ್ಬರು ನಮ್ಮ ಬಳಿ ಬಂದರು. ನೆರೆಮನೆಯ ಹುಡುಗನಿಗೆ ಸನ್ಮಾನವಿದೆಯೆಂದು ಅವರ ಮನೆಯವರೊಡನೆ ಬಂದವರು. ಪಕ್ಕದಲ್ಲಿ ಅವರ ಮೊಮ್ಮಗಳು ನಿಂತಿದ್ದಳು. ನೆರೆಮನೆಯ ಹುಡುಗನ ಫಲಕವನ್ನು ತಾಯಿ ಕೈಯಲ್ಲಿ ಹಿಡಿದುಕೊಂಡಿದ್ದರು.

"ಯಪ್ಪಾ, ಇದರ ಮ್ಯಾಲ ಏನ್ ಬರ್ದಾರ್ರಿ?"

"ಅಚೀವ್‌ಮೆಂಟ್ ಅವಾರ್ಡ್ ಅಂತ ಬರ್ದಾರ ಯವ್ವಾ."

"ಹಂಗಂದ್ರ ಏನ್ರಿ?"

"ಸಾಧನೆ ಮಾಡಿದೋರಿಗಿ ಕೊಡೋ ಬಹುಮಾನ ಅಂತ."

ತಾಯಿ ಒಂದು ಕ್ಷಣ ಸುಮ್ಮನಿದ್ದು, ಮೊಮ್ಮಗಳ ಕಡೆಗೆ ತಿರುಗಿ ನೋಡಿ ಕೇಳಿದರು: "ಹಂಗಾದ್ರ ನಮ್ಮ ಕೂಸು ಏನೂ ಸಾಧಿಸಿಲ್ಲೇನ್ರಿ?"

ವಿಚಾರಿಸಿದಾಗ ತಿಳಿಯಿತು. ಹುಡುಗಿಯ ತಂದೆತಾಯಿ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸದಲ್ಲಿದ್ದರು. ಎಂಟನೆಯ ತರಗತಿಯಲ್ಲಿರುವಾಗ ಅವಳೂ ಅವರೊಡನೆ ಹೋಗಿ ಅರ್ಧ ವರ್ಷ ಶಾಲೆ ಬಿಟ್ಟಿದ್ದಳು. ಅಜ್ಜಿಯೇ ಹಟ ಹಿಡಿದು ಕರೆತಂದು ಮತ್ತೆ ಶಾಲೆಗೆ ಸೇರಿಸಿದ್ದರು. ಹತ್ತಿ ಬಿಡಿಸುವ ದಿನಗಳಲ್ಲಿ ಕೂಲಿಗೆ ಹೋಗುತ್ತ, ಉಳಿದ ದಿನ ಪಕ್ಕದೂರಿನ ಪ್ರೌಢಶಾಲೆಗೆ ನಡೆದು ಹೋಗುತ್ತ ಓದಿದ ಆ ಹುಡುಗಿ ಶೇಕಡಾ 54 ಅಂಕಗಳೊಡನೆ ಉತ್ತೀರ್ಣಳಾಗಿದ್ದಳು. ಅವಳ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದವರಲ್ಲಿ ಅವಳೇ ಮೊದಲಿಗಳು. ನಮ್ಮ ಪಟ್ಟಿಯಲ್ಲಿ ಮಾತ್ರ ಅವಳ ಹೆಸರಿಗೆ ಸ್ಥಳವಿರಲಿಲ್ಲ.

ಆ ತಾಯಿಯ ಪ್ರಶ್ನೆಗೆ ಅಂದು ನಾವು ಸಮರ್ಪಕ ಉತ್ತರ ಕೊಡಲಿಲ್ಲ. ಏನೋ ಸಮಾಧಾನದ ಮಾತು ಹೇಳಿ ಪ್ರಸಾದಕ್ಕೆ ಕರೆದೊಯ್ದೆವು. ಆದರೆ ಪ್ರಶ್ನೆ ಮನೆಯವರೆಗೂ ನಮ್ಮ ಬೆನ್ನುಹತ್ತಿ ಬಂದಿತು. ಫಲಕದ ಮೇಲೆ ನಾವೇ ಅಚ್ಚುಹಾಕಿಸಿದ ಆ ಇಂಗ್ಲಿಷ್ ನಾಮಪದದ ಅರ್ಥವೇನು? ಅದಕ್ಕೆ ನಾವು ಕೂಡಲೇ ಕೊಟ್ಟ ಕನ್ನಡದ ಅರ್ಥ ಸರಿಯೇ? ಓದುಗ ಬಂಧುಗಳ ಮನೆಗಳಲ್ಲಿಯೂ ದಿನನಿತ್ಯ ಕೇಳಿಬರುವ ಮಾತಾದ್ದರಿಂದ ಈ ಕುರಿತು ನಾವು ಅರಿತುಕೊಂಡಷ್ಟನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಪದದ ಹುಟ್ಟು

ಅಚೀವ್‌ಮೆಂಟ್ ಎಂಬುದು ಇಂಗ್ಲಿಷಿಗೆ ಹಳೆಯ ಫ್ರೆಂಚ್ ಭಾಷೆಯಿಂದ ಬಂದ ಪದ. ಅದರ ಮೂಲದಲ್ಲಿರುವ ಕ್ರಿಯಾಪದಕ್ಕೆ 'ತಲೆಗೆ ತರು' ಎಂದು ಅರ್ಥ. ಅಲ್ಲಿ ತಲೆಯೆಂದರೆ ತುದಿ, ಕೊನೆ. ಕೈಗೆತ್ತಿಕೊಂಡ ಕೆಲಸವನ್ನು ನಡುವೆ ಬಿಡದೆ ತುದಿ ಮುಟ್ಟಿಸುವುದೇ ಆ ಪದದ ಮೊದಲ ಅರ್ಥ. ನಮ್ಮಲ್ಲಿ 'ದಡ ಮುಟ್ಟಿಸು', 'ಕೊನೆಗಾಣಿಸು' ಎನ್ನುವುದಿಲ್ಲವೆ? ಅದಕ್ಕೆ ತೀರ ಹತ್ತಿರದ ಮಾತು ಇದು.

ಯುರೋಪಿನ ಮನೆತನಗಳ ಲಾಂಛನಶಾಸ್ತ್ರದಲ್ಲಿ ಇದೇ ಪದಕ್ಕೆ ಇನ್ನೊಂದು ಅರ್ಥವೂ ಉಂಟು. ಗುರಾಣಿ, ಶಿರಸ್ತ್ರಾಣ, ಧ್ಯೇಯವಾಕ್ಯ ಮುಂತಾದವೆಲ್ಲ ಕೂಡಿದ ಮನೆತನದ ಪೂರ್ಣ ಲಾಂಛನಕ್ಕೆ ಅಲ್ಲಿ ಅಚೀವ್‌ಮೆಂಟ್ ಎಂದೇ ಹೆಸರು. ಹೀಗೆ ಪದವು ಒಂದು ಕಡೆ ಮಾಡಿ ಮುಗಿಸಿದ ಕೆಲಸವನ್ನೂ ಇನ್ನೊಂದು ಕಡೆ ತೋರಿಸಿಕೊಳ್ಳುವ ಚಿಹ್ನೆಯನ್ನೂ ಸೂಚಿಸುತ್ತ ಬಂದಿದೆ. ಇಂದಿನ ಸನ್ಮಾನ ಫಲಕಗಳನ್ನು ನೋಡಿದಾಗ ಈ ಎರಡನೆಯ ಅರ್ಥವೇ ಮೊದಲನೆಯದನ್ನು ನುಂಗಿತೇನೋ ಎಂಬ ಶಂಕೆ ನಮಗುಂಟಾಗುತ್ತದೆ.

ಈ ಪದವನ್ನು ಬಳಸುವಾಗ ಎರಡು ಅಂಶಗಳನ್ನು ಮರೆಯಬಾರದು. ಮೊದಲನೆಯದು ಶ್ರಮ. ಪ್ರಯತ್ನವಿಲ್ಲದೆ ಕೈಸೇರಿದ್ದಕ್ಕೆ ಇಂಗ್ಲಿಷ್ ಬಲ್ಲವರು ಅಚೀವ್‌ಮೆಂಟ್ ಎನ್ನುವುದಿಲ್ಲ. ತಂದೆಯಿಂದ ಬಂದ ನೂರು ಎಕರೆ ನೀರಾವರಿ ಹೊಲ ಅಚೀವ್‌ಮೆಂಟ್ ಅಲ್ಲ. ಕಲ್ಲು ತುಂಬಿದ ಎರಡು ಎಕರೆಯನ್ನು ಹಸನು ಮಾಡಿ ತೊಗರಿ ಬೆಳೆದದ್ದು ಅಚೀವ್‌ಮೆಂಟ್. ಎರಡನೆಯದು ಅಡ್ಡಿ. ಎದುರಿಗೆ ತೊಡಕು ಹೆಚ್ಚಿದ್ದಷ್ಟೂ ಪದದ ತೂಕ ಹೆಚ್ಚುತ್ತದೆ. ಈ ಎರಡು ಅಳತೆಗಳನ್ನು ಹಿಡಿದರೆ ಅಂದು ಸಭಾಂಗಣದಲ್ಲಿದ್ದ ಮಕ್ಕಳಲ್ಲಿ ಆ ಪದಕ್ಕೆ ಹೆಚ್ಚು ಅರ್ಹರು ಯಾರಿದ್ದರು ಎಂಬುದನ್ನು ಓದುಗರೇ ನಿರ್ಣಯಿಸಲಿ.

ಸೋದರ ಪದಗಳು

ಇದರ ಜೊತೆಗೇ ಬಳಕೆಯಾಗುವ ಇನ್ನೂ ಕೆಲವು ಪದಗಳಿವೆ. ಪದವಿಪೂರ್ವ ತರಗತಿಗಳಲ್ಲಿ ಓದುವ ಮಕ್ಕಳು ಇವನ್ನು ಒಂದರ ಬದಲು ಇನ್ನೊಂದನ್ನು ಬರೆದು ತೊಡಕಿಗೆ ಸಿಲುಕುವುದರಿಂದ ಸಂಕ್ಷೇಪವಾಗಿ ತಿಳಿಸುತ್ತೇವೆ.

ರಿಸಲ್ಟ್ ಎಂಬುದು ಲ್ಯಾಟಿನ್ ಮೂಲದ ಪದ. 'ಹಿಂದಕ್ಕೆ ಪುಟಿದು ಬರುವುದು' ಎಂದು ಅದರ ಮೂಲಾರ್ಥ. ಗೋಡೆಗೆ ಎಸೆದ ಚೆಂಡು ಮರಳಿ ಬಂದಂತೆ, ಮಾಡಿದ್ದಕ್ಕೆ ಪ್ರತಿಯಾಗಿ ಬರುವುದು ರಿಸಲ್ಟ್. ಅದು ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಸಕ್ಸೆಸ್ ಎಂದರೆ ಮೂಲದಲ್ಲಿ 'ಹಿಂದಿನಿಂದ ಬರುವುದು' ಎಂದಷ್ಟೇ ಅರ್ಥ. ಹಳೆಯ ಇಂಗ್ಲಿಷಿನಲ್ಲಿ ಒಳ್ಳೆಯ ಸಕ್ಸೆಸ್, ಕೆಟ್ಟ ಸಕ್ಸೆಸ್ ಎಂದು ಎರಡೂ ವಿಧವಾಗಿ ಹೇಳುತ್ತಿದ್ದರು. ಕಾಲಾನಂತರ ಒಳ್ಳೆಯದಕ್ಕೆ ಮಾತ್ರ ಅದು ಮೀಸಲಾಯಿತು. ಅಟೇನ್‌ಮೆಂಟ್ ಎಂದರೆ ಮುಟ್ಟುವುದು. ಒಬ್ಬರು ಎಷ್ಟನೆಯ ತರಗತಿಯವರೆಗೆ ಓದಿದ್ದಾರೆ ಎಂಬ ಲೆಕ್ಕಕ್ಕೆ ಶಿಕ್ಷಣ ವರದಿಗಳಲ್ಲಿ ಈ ಪದ ಬರುತ್ತದೆ. ಅಕಾಂಪ್ಲಿಷ್‌ಮೆಂಟ್ ಎಂದರೆ ಪೂರ್ತಿಗೊಳಿಸುವುದು. ಹಾಡುಗಾರಿಕೆ, ಕಸೂತಿಯಂಥ ಕಲಿತ ಕಲೆಗಳಿಗೂ ಆ ಹೆಸರು ಸಲ್ಲುತ್ತದೆ.

ಕಚೇರಿಗಳಲ್ಲಿ ಔಟ್‌ಪುಟ್, ಔಟ್‌ಕಮ್ ಎಂಬ ಎರಡು ಪದಗಳನ್ನು ಬೇರ್ಪಡಿಸಿ ಹೇಳುವುದುಂಟು. ಊರಿನಲ್ಲಿ ಕಟ್ಟಿಸಿದ ಶೌಚಾಲಯಗಳ ಸಂಖ್ಯೆ ಔಟ್‌ಪುಟ್. ಅವುಗಳ ಬಳಕೆಯಿಂದ ಮಕ್ಕಳ ವಾಂತಿಭೇದಿ ಕಡಿಮೆಯಾದರೆ ಅದು ಔಟ್‌ಕಮ್. ಈ ಎರಡನೆಯದಕ್ಕೆ ಶಾಲೆಗಳಲ್ಲಿ ಇಂದು 'ಕಲಿಕಾ ಫಲ' ಎಂಬ ಸೊಗಸಾದ ಕನ್ನಡ ಪದ ರೂಢಿಗೆ ಬಂದಿದೆ. ಪಾಠ ಎಷ್ಟು ಮುಗಿಯಿತು ಎಂಬುದನ್ನು ಬಿಟ್ಟು ಮಗುವಿಗೆ ಏನು ಬಂತು ಎಂದು ಕೇಳುವ ಪದ ಅದು.

ಸಾಧನೆ ಎಂಬ ನಮ್ಮ ಪದ

ಇನ್ನು ಅಚೀವ್‌ಮೆಂಟಿಗೆ ನಾವು ಕೊಡುವ ಕನ್ನಡ ಪದಕ್ಕೆ ಬರೋಣ. ಸಾಧನೆ ಎಂಬುದು ಸಂಸ್ಕೃತದ ಸಾಧ್ ಧಾತುವಿನಿಂದ ಬಂದುದು. ಸಾಧು, ಸಾಧಕ, ಸಾಧ್ಯ, ಸಾಧನ ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಸಾಧನವೆಂದರೆ ಉಪಕರಣ, ಕೆಲಸಕ್ಕೆ ಬೇಕಾದ ಹತಾರ. ಸಾಧಕನೆಂದರೆ ಇನ್ನೂ ದಾರಿಯಲ್ಲಿರುವವನು. ಗುರಿ ಮುಟ್ಟಿದವನಿಗೆ ನಮ್ಮ ಹಿರಿಯರು ಸಾಧಕನೆನ್ನುತ್ತಿರಲಿಲ್ಲ, ಸಿದ್ಧನೆನ್ನುತ್ತಿದ್ದರು. ಸಾಧನೆಯು ನಡೆ, ಸಿದ್ಧಿಯು ನೆಲೆ.

'ಸಾಧಿಸಿದರೆ ಸಬಳ ನುಂಗಬಹುದು' ಎಂಬ ಗಾದೆಯನ್ನು ಓದುಗರು ಕೇಳಿರಬಹುದು. ಸಬಳವೆಂದರೆ ಈಟಿ. ಇಲ್ಲಿ ಸಾಧಿಸುವುದೆಂದರೆ ಗೆಲ್ಲುವುದು ಎಂದಲ್ಲ; ದಿನದಿನವೂ ಬಿಡದೆ ಅಭ್ಯಾಸ ಮಾಡುವುದು ಎಂದು. ಗರಡಿಮನೆಯಲ್ಲಿ ಸಾಮು ಮಾಡುವವನದು, ಬೆಳಗಿನ ಜಾವದಲ್ಲಿ ತಂಬೂರಿ ಹಿಡಿದು ಕೂರುವವನದು, ನಿತ್ಯವೂ ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ದೃಷ್ಟಿ ನಿಲ್ಲಿಸುವವನದು ಸಾಧನೆ. ಅದಕ್ಕೆ ಸಾಕ್ಷಿಗಳು ಬೇಕಿಲ್ಲ, ಚಪ್ಪಾಳೆಯೂ ಬೇಕಿಲ್ಲ. ಇದೇ ಕ್ರಿಯಾಪದಕ್ಕೆ ಕಹಿಯಾದ ಬಳಕೆಯೂ ಇದೆಯೆಂಬುದನ್ನು ಮರೆಯಲಾಗದು: ಹಗೆ ಸಾಧಿಸುವುದು, ಹಟ ಸಾಧಿಸುವುದು. ಬಿಡದೆ ಹಿಡಿಯುವ ಗುಣ ಅಲ್ಲಿಯೂ ಇದೆ. ಹಿಡಿದ ವಸ್ತು ಮಾತ್ರ ಬೇರೆ.

ಇಂಗ್ಲಿಷಿನ ಪದವು ಕೆಲಸ ಮುಗಿದ ಮೇಲೆ ಹುಟ್ಟುತ್ತದೆ. ಕನ್ನಡದ ಪದವು ಕೆಲಸದೊಡನೆಯೇ ಹುಟ್ಟುತ್ತದೆ. ಎರಡನ್ನೂ ಸಮವೆಂದು ತಿಳಿದು ನಾವು ಬಳಸುತ್ತ ಬಂದುದರಿಂದ ನಮ್ಮ ಪದವೇ ತನ್ನ ಅರ್ಥವನ್ನು ಬದಲಿಸಿಕೊಂಡಿತು. ಈಗ 'ಸಾಧಕರಿಗೆ ಸನ್ಮಾನ' ಎಂದರೆ ಹೆಸರು, ಹುದ್ದೆ, ಅಂಕ ಗಳಿಸಿದವರಿಗೆ ಸನ್ಮಾನವೆಂದೇ ಎಲ್ಲರೂ ತಿಳಿಯುತ್ತಾರೆ. ದಾರಿಯಲ್ಲಿರುವವನನ್ನು ಹೆಸರಿಸುತ್ತಿದ್ದ ಪದ ತಲುಪಿದವನ ಪಾಲಾಯಿತು. ದಾರಿಯಲ್ಲಿರುವವನಿಗೆ ಪದವೇ ಇಲ್ಲದಂತಾಯಿತು. ಆ ಅಜ್ಜಿಯ ಪ್ರಶ್ನೆಯ ನೋವು ಇಲ್ಲಿಯೇ ಇದೆಯೆಂದು ನಾವು ತಿಳಿಯುತ್ತೇವೆ. ಅವರು ಹಳೆಯ ಕನ್ನಡದಲ್ಲಿ ಕೇಳಿದರು. ನಾವು ಹೊಸ ಕನ್ನಡದಲ್ಲಿ ಉತ್ತರಿಸಿದೆವು.

ಗುರಿ ಮತ್ತು ಸಾಧನೆ ಎಂಬ ಎರಡು ಅಂಕಣಗಳು

ಕಚೇರಿಗಳ ಪ್ರಗತಿ ವರದಿಗಳನ್ನು ನೋಡಿದವರಿಗೆ 'ಗುರಿ' ಮತ್ತು 'ಸಾಧನೆ' ಎಂಬ ಎರಡು ಅಂಕಣಗಳು ಪರಿಚಿತ. ಸಾಧನೆಯಲ್ಲಿ ಮತ್ತೆ ಎರಡು ವಿಧ: ಭೌತಿಕ ಸಾಧನೆ, ಆರ್ಥಿಕ ಸಾಧನೆ. ಎಷ್ಟು ಕಾಮಗಾರಿ ಆಯಿತು ಎಂಬುದು ಮೊದಲನೆಯದು. ಎಷ್ಟು ಹಣ ಖರ್ಚಾಯಿತು ಎಂಬುದು ಎರಡನೆಯದು. ಹಣ ಖರ್ಚಾದುದನ್ನೂ ಸಾಧನೆಯೆಂದು ಕರೆಯುವ ರೂಢಿಗೆ ನಾವು ಒಗ್ಗಿಹೋಗಿದ್ದೇವೆ. ಲೆಕ್ಕಪತ್ರಕ್ಕೆ ಅದು ಅಗತ್ಯವಿರಬಹುದು. ಆದರೆ ಒಬ್ಬ ಗೃಹಿಣಿ ತಿಂಗಳ ಹಣವನ್ನೆಲ್ಲ ಹತ್ತನೆಯ ತಾರೀಖಿಗೇ ಮುಗಿಸಿ 'ನೂರಕ್ಕೆ ನೂರು ಸಾಧನೆ' ಎಂದರೆ ಮನೆಯವರು ಒಪ್ಪುವರೆ?

ನಮ್ಮ ಮೂರು ತಾಲ್ಲೂಕುಗಳಿಗೆ ಈ ಅಂಕಣಗಳ ಸಂಬಂಧ ಬಹಳ ಆಳವಾದುದು. ಪ್ರಾದೇಶಿಕ ಅಸಮತೋಲನದ ಅಧ್ಯಯನ ನಡೆಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಕೊಟ್ಟ ವರದಿಯಲ್ಲಿ ಯಾದಗಿರಿ, ಶಹಾಪುರ, ಸುರಪುರ ಮೂರೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿದ್ದವು. ಈ ಮೂರೂ ಕಲಬುರಗಿ ಜಿಲ್ಲೆಯಿಂದ ಬೇರ್ಪಟ್ಟು 2010ರಲ್ಲಿ ಯಾದಗಿರಿ ಜಿಲ್ಲೆಯಾಯಿತು. ಅನಂತರ ಗುರುಮಠಕಲ್, ಹುಣಸಗಿ, ವಡಗೇರಾ ಹೊಸ ತಾಲ್ಲೂಕುಗಳಾದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75.36 ಇದ್ದಾಗ ನಮ್ಮ ಜಿಲ್ಲೆಯದು 51.83, ರಾಜ್ಯದಲ್ಲಿಯೇ ಕಡೆಯ ಸ್ಥಾನ. ಸಂವಿಧಾನದ 371ನೆಯ ಜೆ ವಿಧಿಯ ವಿಶೇಷ ಸ್ಥಾನಮಾನ 2013ರಿಂದ ಈ ಭಾಗಕ್ಕೆ ದೊರೆಯಿತು. 2018ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದವು ಎರಡೇ: ರಾಯಚೂರು ಮತ್ತು ಯಾದಗಿರಿ.

ಎಸ್ಸೆಸ್ಸೆಲ್ಸಿ ಫಲಿತಾಂಶದ ಮಾತನ್ನೇ ನೋಡಿ. 2023ರಲ್ಲಿ ನಮ್ಮ ಜಿಲ್ಲೆಯ ಫಲಿತಾಂಶ ಶೇಕಡಾ 75.49, 2024ರಲ್ಲಿ 50.59. ಎರಡು ವರ್ಷವೂ ಜಿಲ್ಲೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇರಿಸಿ ವೆಬ್‌ಕಾಸ್ಟಿಂಗ್ ಮೂಲಕ ಬಿಗಿಯಾದ ನಿಗಾ ವಹಿಸಲಾಯಿತು. ಹೆಚ್ಚಿನ ಕೃಪಾಂಕ ಕೊಟ್ಟರೂ ರಾಜ್ಯದ ಫಲಿತಾಂಶವೇ 83.89ರಿಂದ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ಬದಲಾಗಲಿಲ್ಲ, ಗುರುಗಳು ಬದಲಾಗಲಿಲ್ಲ, ಹಳ್ಳಿಗಳು ಬದಲಾಗಲಿಲ್ಲ. ಅಳೆಯುವ ಕೋಲು ಬಿಗಿಯಾದಾಗ ಅಂಕಿ ಕುಸಿಯಿತು. ಹಾಗಾದರೆ ಹಿಂದಿನ ಅಂಕಿಯೆಲ್ಲ ಸಾಧನೆಯಾಗಿತ್ತೆ? 2024ರ ಅಂಕಿಯೆಲ್ಲ ಸೋಲೆ? ಬಿಗಿಯಾದ ಪರೀಕ್ಷೆಯಲ್ಲಿ ತನ್ನ ಕೈಯಿಂದಲೇ ಬರೆದು 40 ಅಂಕ ಪಡೆದ ಮಗು, ಸಡಿಲವಾದ ಪರೀಕ್ಷೆಯಲ್ಲಿ 70 ಪಡೆದ ಮಗುವಿಗಿಂತ ಕಡಿಮೆಯದೆಂದು ಹೇಳಲು ನಮಗೆ ನಾಲಗೆ ಏಳದು.

ಹಾಗೆಂದು ಅಂಕಿಗಳನ್ನು ತಿರಸ್ಕರಿಸಬೇಕೆಂದು ನಾವು ಹೇಳುತ್ತಿಲ್ಲ. ಕೊನೆಯ ಸ್ಥಾನವೆಂಬ ಮಾತು ನಮ್ಮನ್ನು ಚುಚ್ಚಬೇಕು. ಅಳತೆಯಿಲ್ಲದಿದ್ದರೆ ಕೊರತೆ ಕಾಣುವುದಿಲ್ಲ. ಕೊರತೆ ಕಾಣದಿದ್ದರೆ ಶಿಕ್ಷಕರೂ ಬರುವುದಿಲ್ಲ, ಕೊಠಡಿಯೂ ಏಳುವುದಿಲ್ಲ. ರಾಷ್ಟ್ರೀಯ ಸಾಧನಾ ಸಮೀಕ್ಷೆಯೆಂದು 2017ರಲ್ಲಿಯೂ 2021ರಲ್ಲಿಯೂ ಶಾಲೆಗಳಲ್ಲಿ ನಡೆದ ಅಳತೆಯ ಉದ್ದೇಶ ಮಕ್ಕಳಿಗೆ ಸ್ಥಾನ ಹಂಚುವುದಾಗಿರಲಿಲ್ಲ. ಆಯ್ದ ಶಾಲೆಗಳ ಮಕ್ಕಳನ್ನು ಪರೀಕ್ಷಿಸಿ ಆಯಾ ಜಿಲ್ಲೆಯ ವ್ಯವಸ್ಥೆ ಎಷ್ಟು ಕಲಿಸಿದೆ ಎಂದು ನೋಡುವುದಾಗಿತ್ತು. ಜಿಲ್ಲೆಯ ಫಲಿತಾಂಶ ವ್ಯವಸ್ಥೆಯ ಲೆಕ್ಕ. ಮಗುವಿನ ಸಾಧನೆ ಮಗುವಿನ ಲೆಕ್ಕ. ಒಂದನ್ನು ಇನ್ನೊಂದರ ತಲೆಗೆ ಕಟ್ಟಿದಾಗಲೇ ಅನ್ಯಾಯವಾಗುತ್ತದೆ.

ಕಾಲುವೆಯ ಕೊನೆಯ ಹೊಲ

ಈ ಭಾಗದ ರೈತ ಬಂಧುಗಳಿಗೆ ಇದನ್ನು ವಿವರಿಸಲು ಹೆಚ್ಚು ಮಾತು ಬೇಕಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟರು. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಹೊರಟು, ಶಹಾಪುರ ಶಾಖಾ ಕಾಲುವೆಯಾಗಿ ಮುಂದುವರಿದು, ಜೋಳ ತೊಗರಿ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿಗಳನ್ನು ತಂದಿತು. ಭೀಮರಾಯನಗುಡಿಯಂಥ ಊರು ಯೋಜನೆಯ ಕಚೇರಿಗಳ ಊರಾಗಿಯೇ ಬೆಳೆಯಿತು. ಇದು ಸಾಮಾನ್ಯವಾದ ಕೆಲಸವಲ್ಲ.

ಆದರೂ ಕಾಲುವೆಗೆ ತಲೆಯೂ ಉಂಟು, ಬಾಲವೂ ಉಂಟು. ತಲೆಭಾಗದವರಿಗೆ ನೀರು ಹೊಲ ತುಂಬಿ ಹರಿದರೆ ಕೊನೆಯ ಭಾಗದವರು ವಾರಾಬಂದಿಯ ಸರದಿ ಎಣಿಸುತ್ತ ಒಣಗಿದ ತೂಬಿನ ಮುಂದೆ ಕುಳಿತಿರುತ್ತಾರೆ. ಕಾಲುವೆ ತೋಡಿದ ಉದ್ದ ಭೌತಿಕ ಸಾಧನೆಯ ಅಂಕಣದಲ್ಲಿ ಪೂರ್ತಿಯಾಗಿ ತುಂಬಿರಬಹುದು. ಕೊನೆಯ ಹೊಲದ ರೈತನಿಗೆ ಮಾತ್ರ ನೀರು ಬಂದ ದಿನವೇ ಅದು ಸಾಧನೆ. ಅಚೀವ್‌ಮೆಂಟ್ ಎಂಬ ಪದದ ಮೂಲಾರ್ಥ ತುದಿ ಮುಟ್ಟಿಸುವುದು ಎಂದು ಮೇಲೆ ಹೇಳಿದೆವಲ್ಲ, ಅದನ್ನು ಇಲ್ಲಿ ನೆನೆಯಬಹುದು. ಶಾಲೆಯ ವಿಷಯದಲ್ಲಿಯೂ ಹಾಗೆಯೇ. ಗುಳೆ ಹೋದ ಕುಟುಂಬದ ಮಗಳು ಕಾಲುವೆಯ ಕೊನೆಯ ಹೊಲ. ಅಲ್ಲಿಯವರೆಗೆ ಅಕ್ಷರ ಹರಿದು ಬಂದಿತೆಂದರೆ ಅದು ಆ ಮಗುವಿನ ಸಾಧನೆ ಮಾತ್ರವಲ್ಲ, ನಮ್ಮೆಲ್ಲರದೂ ಹೌದು.

ಶರಣರ ಅಳತೆಗೋಲು

ಈ ನೆಲದಲ್ಲಿ ಇದಕ್ಕಿಂತ ಹಳೆಯದಾದ ಅಳತೆಗೋಲೊಂದು ಇದೆ. ಕೆಂಭಾವಿ ಬಳಿಯ ಮುದನೂರು ದೇವರ ದಾಸಿಮಯ್ಯನವರ ಊರು. ಆದ್ಯ ವಚನಕಾರರೆಂದು ಅನೇಕ ವಿದ್ವಾಂಸರು ಗುರುತಿಸುವ ಅವರು ನೇಯ್ಗೆಯ ಕಾಯಕದವರು. ಬಹುಕಾಲ ದುಡಿದು ನೇಯ್ದ ಬಟ್ಟೆಯನ್ನು ಜಂಗಮನೊಬ್ಬ ಬೇಡಿ ಪಡೆದು ಕಣ್ಣೆದುರಿಗೇ ಹರಿದುಹಾಕಿದರೂ ದಾಸಿಮಯ್ಯನವರೂ ಪತ್ನಿ ದುಗ್ಗಳೆಯವರೂ ಕೋಪಗೊಳ್ಳಲಿಲ್ಲವೆಂದೂ, ಬಳಿಕ ಅವರಿಗೆ ಎಂದೂ ಬರಿದಾಗದ ತವನಿಧಿ ದೊರೆಯಿತೆಂದೂ ಪುರಾಣಗಳು ಹೇಳುತ್ತವೆ. ಇಂದಿನ ಪ್ರಗತಿ ವರದಿಯಲ್ಲಿ ಆ ಬಟ್ಟೆಯ ಸಾಧನೆ ಸೊನ್ನೆ. ಆದರೆ ಕಥೆಯನ್ನು ಹೇಳುತ್ತ ಬಂದ ಜನ ಆ ದಿನ ನೇಯಲ್ಪಟ್ಟದ್ದು ಬಟ್ಟೆಯೊಂದೇ ಅಲ್ಲವೆಂದು ಅರಿತಿದ್ದರು.

ಕೃಷ್ಣೆಯ ಆಚೆ ದಡದ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಗುರಿ ಮೀರಿದ ಸಾಧನೆ. ಲಕ್ಕಮ್ಮನವರು ಹಿಗ್ಗಲಿಲ್ಲ. ನಿತ್ಯದ ಅಗತ್ಯಕ್ಕಿಂತ ಮಿಕ್ಕದ್ದು ಆಸೆಯ ಗುರುತೆಂದು ತಿಳಿಹೇಳಿ, ಹೆಚ್ಚಾದ ಅಕ್ಕಿಯನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳಿಸಿದರು. ಹೆಚ್ಚು ತಂದದ್ದೆಲ್ಲ ಹೆಚ್ಚಲ್ಲವೆಂಬ ಈ ವಿವೇಕ ಒಬ್ಬ ಗೃಹಿಣಿಯ ಬಾಯಿಂದ ಬಂದಿತೆಂಬುದನ್ನು ನಮ್ಮ ಮನೆಗಳ ತಾಯಂದಿರು ವಿಶೇಷವಾಗಿ ಗಮನಿಸಬೇಕು. ಮಗನ ಅಂಕ ನೆರೆಮನೆಯವನಿಗಿಂತ ಎರಡು ಹೆಚ್ಚಾಗಲೆಂದು ಹಗಲಿರುಳು ಪೀಡಿಸುವ ಮುನ್ನ ಲಕ್ಕಮ್ಮನವರನ್ನು ಒಮ್ಮೆ ನೆನೆಯಬೇಕು.

ಸುರಪುರದ ಇತಿಹಾಸವೂ ಒಂದು ಪಾಠ ಹೇಳುತ್ತದೆ. ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಬೆಳೆದ ರಾಜಾ ವೆಂಕಟಪ್ಪ ನಾಯಕರು ಎಳೆಯ ವಯಸ್ಸಿನಲ್ಲಿಯೇ ಬ್ರಿಟಿಷರಿಗೆ ತಿರುಗಿಬಿದ್ದರು. 1858ರಲ್ಲಿ ಸುರಪುರ ಶತ್ರುಗಳ ವಶವಾಯಿತು. ರಾಜರು ಸೆರೆಯಾಗಿ ಅದೇ ವರ್ಷ ಮಡಿದರು. ಸಂಸ್ಥಾನ ನಿಜಾಮರ ರಾಜ್ಯಕ್ಕೆ ಸೇರಿತು. ಫಲಿತಾಂಶವೆಂದು ಕೇಳಿದರೆ ಸೋಲು ಎನ್ನಬೇಕಾಗುತ್ತದೆ. ಆದರೆ ಇಂದಿಗೂ ಈ ಸೀಮೆಯಲ್ಲಿ ಅವರ ಹೆಸರನ್ನು ತಲೆಯೆತ್ತಿ ಹೇಳುತ್ತಾರೆಯೇ ಹೊರತು ಯಾರೂ ತಲೆ ತಗ್ಗಿಸಿ ಹೇಳುವುದಿಲ್ಲ. ಫಲಿತಾಂಶ ಬೇರೆ, ಸಾಧನೆ ಬೇರೆ ಎಂದು ಇಲ್ಲಿಯ ಜನ ಯಾವ ನಿಘಂಟನ್ನೂ ನೋಡದೆ ಬಲ್ಲರು.

ಮನೆಯಲ್ಲಿ ಆಗಬೇಕಾದುದು

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ರಿಸಲ್ಟ್ ಬರುವ ದಿನ ಮಗುವಿನ ಕೈಯಲ್ಲಿರುವ ಅಂಕಪಟ್ಟಿಯನ್ನು ಕೇಳುವ ಮೊದಲು ಮಗುವಿನ ಮುಖವನ್ನು ನೋಡಿ. ಎಷ್ಟು ಬಂತು ಎಂದು ಕೇಳುವುದಕ್ಕಿಂತ ಮುಂಚೆ ಊಟವಾಯಿತೆ ಎಂದು ಕೇಳಿ. ಅನುತ್ತೀರ್ಣವಾದ ಮಗುವಿಗೆ ಮತ್ತೆ ಬರೆಯುವ ಅವಕಾಶ ಇದ್ದೇ ಇದೆ. ಅದೇ ವರ್ಷದಲ್ಲಿಯೇ ಎರಡನೆಯ ಪರೀಕ್ಷೆ ಬರೆದು ಮುಂದೆ ಸಾಗಿದವರು ಎಷ್ಟೋ ಮಂದಿ. ಆದರೆ ಆ ಸಂಜೆ ಮನೆಯವರ ಬಾಯಿಂದ ಬಂದ ಮಾತನ್ನು ಮತ್ತೆ ಬರೆಯಲು ಬರುವುದಿಲ್ಲ. ಫೇಲ್ ಎಂಬ ಪದ ಒಂದು ಪತ್ರಿಕೆಗೆ ಸಲ್ಲಬಹುದು, ಒಂದು ವಿಷಯಕ್ಕೆ ಸಲ್ಲಬಹುದು. ಒಂದು ಜೀವಕ್ಕೆ ಅದನ್ನು ಅಂಟಿಸುವ ಅಧಿಕಾರ ತಂದೆತಾಯಿಗಳಿಗೂ ಇಲ್ಲ.

ಮಕ್ಕಳು ಕೆಲಸಕ್ಕೆ ಅರ್ಜಿ ಬರೆಯುವಾಗ ಅಚೀವ್‌ಮೆಂಟ್ಸ್ ಎಂಬ ಶೀರ್ಷಿಕೆಯ ಕೆಳಗೆ ಏನು ಬರೆಯಬೇಕೆಂದು ಕೇಳುತ್ತಾರೆ. ಬಹುಮಾನಗಳಿದ್ದರೆ ಬರೆಯಲಿ. ಇಲ್ಲದವರು ಆ ಜಾಗವನ್ನು ಖಾಲಿ ಬಿಡಬೇಕಾಗಿಲ್ಲ. ತಂದೆಯ ಕಾಯಿಲೆಯಲ್ಲಿ ಎರಡು ವರ್ಷ ಕಿರಾಣಿ ಅಂಗಡಿ ನಡೆಸಿ ಓದು ಮುಗಿಸಿದ್ದರೆ, ತಂಗಿಗೆ ಗಣಿತ ಕಲಿಸಿ ಪಾಸು ಮಾಡಿಸಿದ್ದರೆ, ಅದನ್ನು ನೇರವಾದ ಒಂದು ವಾಕ್ಯದಲ್ಲಿ ಬರೆಯಲಿ. ಪದದ ಮೂಲಾರ್ಥಕ್ಕೆ ಅದೇ ಹೆಚ್ಚು ಹೊಂದುತ್ತದೆ.

ಮುಂದಿನ ವರ್ಷದ ಪ್ರತಿಭಾ ಪುರಸ್ಕಾರದ ಸಭೆಯಲ್ಲಿ ನಾವು ಈ ವಿಚಾರ ಎತ್ತಿದೆವು. ಚರ್ಚೆ ಬಹಳ ಹೊತ್ತು ನಡೆಯಿತು. ಶೇಕಡಾ 85ರ ಮಿತಿಯನ್ನು ತೆಗೆದರೆ ಪುರಸ್ಕಾರಕ್ಕೆ ಬೆಲೆಯೇನು ಎಂದು ಕೆಲವರು ಕೇಳಿದರು. ಅವರ ಮಾತಿನಲ್ಲಿಯೂ ಹುರುಳಿದೆ. ಹೆಚ್ಚು ಅಂಕ ತೆಗೆದ ಮಗುವಿನ ದುಡಿಮೆಯೂ ದುಡಿಮೆಯೇ. ಕೊನೆಗೆ ಮಿತಿ ಹಾಗೆಯೇ ಉಳಿಯಿತು. ಆದರೆ ಅರ್ಜಿಯ ನಮೂನೆಯಲ್ಲಿ ಒಂದು ಪ್ರಶ್ನೆ ಹೊಸದಾಗಿ ಸೇರಿತು: 'ಈ ಪರೀಕ್ಷೆಯನ್ನು ಬರೆಯಲು ವಿದ್ಯಾರ್ಥಿಯು ದಾಟಿಬಂದ ತೊಡಕುಗಳೇನು?' ಆ ಉತ್ತರಗಳನ್ನು ಓದಿ, ಅಂಕ ಎಷ್ಟೇ ಇರಲಿ, ಕೆಲವು ಮಕ್ಕಳನ್ನು ವೇದಿಕೆಗೆ ಕರೆಯಬೇಕೆಂದು ನಿಶ್ಚಯವಾಯಿತು. ಫಲಕದ ಮೇಲೆ ಕನ್ನಡದಲ್ಲಿಯೇ ಬರೆಯಿಸಬೇಕೆಂದೂ ಒಪ್ಪಿಗೆಯಾಯಿತು.

ಅಂದಿನ ಹುಡುಗಿಗೆ ಇದರಿಂದ ಏನೂ ದೊರೆಯಲಿಲ್ಲ. ಅವಳ ವರ್ಷ ಕಳೆದುಹೋಗಿತ್ತು. ಅವಳು ಪದವಿಪೂರ್ವ ಕಾಲೇಜಿಗೆ ಸೇರಿದಳೆಂದು ಅನಂತರ ತಿಳಿಯಿತು. ಒಮ್ಮೆ ಸುರಪುರದ ಬಸ್ ನಿಲ್ದಾಣದಲ್ಲಿ ಅವಳ ಅಜ್ಜಿ ನಮಗೆ ಎದುರಾದರು. ನಾವು ಹಳೆಯ ಪ್ರಶ್ನೆಗೆ ಉತ್ತರ ಕೊಡಬೇಕೆಂದು ನಿಂತು, "ಯವ್ವಾ, ಅವತ್ತ ನೀವ್ ಕೇಳಿದ್ದು ಖರೇ ಅದ. ನಿಮ್ಮ ಕೂಸು ಸಾಧನೆ ಮಾಡ್ಯಾಳ" ಎಂದೆವು. ತಾಯಿ ನಕ್ಕರು. "ಅದು ನನಗ ಗೊತ್ತಿತ್ತು ಬಿಡ್ರಿ. ನಿಮಗ ಗೊತ್ತಾಗ್ಲಿ ಅಂತ ಕೇಳಿದ್ದೆ" ಎಂದು ಹೇಳಿ, ಬಂದ ಬಸ್ಸಿನತ್ತ ನಡೆದರು.